ನೀಲಿ ಹೆಬ್ಬೆಟ್ಟು

ಓದು ಅರ್ಧಕ್ಕೆ ಬಿಟ್ಟವರನ್ನು ಜನ ಹೆಬ್ಬೆಟ್ಟು ಎಂದು ಹಂಗಿಸುತ್ತಾರೆ. ಸಹಿ ಮಾಡಲು ಬಂದರೂ ಅಷ್ಟೆ, ಪೇಪರು ಓದಲು ಬಂದರೂ ಅಷ್ಟೆ. ಹೈಸ್ಕೂಲು ಪಾಸಾಗಿಲ್ಲವೆಂದರೆ ಹೆಬ್ಬೆಟ್ಟು. ಆ ಹೆಸರಿನಿಂದ ನಮ್ಮನ್ನು ಪಾರು ಮಾಡಬೇಕೆಂದು ಸರ್ಕಾರ ಒಂದು ಯೋಜನೆ ತಂದಿತು. ದುಡಿಯುವವರು ಸಂಜೆ ಕೆಲಸ ಬಿಟ್ಟ ಮೇಲೆ ಬಂದು ಪಾಠ ಕೇಳಬಹುದು, ವರ್ಷದ ಕೊನೆಗೆ ಪರೀಕ್ಷೆ ಬರೆದು ಹೈಸ್ಕೂಲು ಸರ್ಟಿಫಿಕೇಟು ತೆಗೆದುಕೊಂಡು ಹೋಗಬಹುದು. ಫೀಸಿಲ್ಲ, ವಯಸ್ಸಿನ ಅಡ್ಡಿಯಿಲ್ಲ. ಇಷ್ಟೆಲ್ಲ ಮಾಡಿದ ಸರ್ಕಾರ, ನಾವು ದಿನವೂ ಬರುತ್ತೇವೋ ಇಲ್ಲವೋ ತಿಳಿಯಲೆಂದು ಕ್ಲಾಸಿನ ಬಾಗಿಲ ಪಕ್ಕದಲ್ಲಿ ಒಂದು ಮೆಷಿನ್ನು ಹಾಕಿತು. ಒಳಗೆ ಕಾಲಿಡಬೇಕಾದರೆ ಅದರ ಮೇಲೆ ಹೆಬ್ಬೆಟ್ಟು ಒತ್ತಬೇಕು.

ಇದರಲ್ಲಿ ನಗುವಂಥದ್ದೇನಾದರೂ ಇದೆಯೆಂದು ಇಲಾಖೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ನಮಗೂ ಆಗ ಹೊಳೆಯಲಿಲ್ಲ. ಸರ್ಟಿಫಿಕೇಟು ಬೇಕಾಗಿದ್ದವರು ನಾವು, ಒತ್ತಿದೆವು.

ಬೇಕಾಗಿತ್ತು ಎಂದರೆ ಅಂತಿಂಥ ಬೇಕಲ್ಲ. ಆಗ ಎಲ್ಲ ಕೆಲಸಕ್ಕೂ ಹೈಸ್ಕೂಲು ಕೇಳುವ ಕಾಲ ಬಂದುಬಿಟ್ಟಿತ್ತು. ನಾನು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ತಲೆ ನೆರೆಯುವ ತನಕ ಕೆಲಸ ಮಾಡಿದವಳು. ಹೊಸ ಯಂತ್ರ ಬಂದಾಗ, ಅದರ ಗುಂಡಿ ಒತ್ತಲು ಹೈಸ್ಕೂಲು ಪಾಸಾಗಿರಬೇಕು ಎಂದರು. ನನ್ನ ಜೊತೆಗೆ ಒಬ್ಬ ಟೈಲರಮ್ಮ ಇದ್ದಳು, ಒಬ್ಬ ಬಸ್ ಡ್ರೈವರ್ ಇದ್ದ, ಇನ್ನೂ ಅನೇಕರು. ಹಗಲು ಸಣ್ಣ ಮಕ್ಕಳು ಕೂರುವ ಬೆಂಚುಗಳಲ್ಲಿ ಸಂಜೆ ನಾವು ಮಂಡಿಗಳನ್ನು ಗಲ್ಲಕ್ಕೆ ತಗುಲಿಸಿಕೊಂಡು ಕೂರುತ್ತಿದ್ದೆವು.

ಈ ಕಥೆ ನಮ್ಮದಲ್ಲ, ಗೇಟಣ್ಣನದು.

ಗೇಟಣ್ಣ ಸೋಪಿನ ಕಾರ್ಖಾನೆಯ ಗೇಟು ಕಾಯುವವನು. ಅಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದುದೇ ಹಾಗೆ. ಆ ಕಾರ್ಖಾನೆಗೆ ಹೊಸ ಮ್ಯಾನೇಜರು ಬಂದು, ಗೇಟಿಗೆ ಕಂಪ್ಯೂಟರ್ ಇಡುತ್ತೇವೆ, ವರ್ಷ ಕಳೆದ ಮೇಲೆ ಹೈಸ್ಕೂಲು ಪಾಸಾದವರಿಗೆ ಮಾತ್ರ ಗೇಟು, ಉಳಿದವರು ಸೋಪು ಕುದಿಸುವ ಶೆಡ್ಡಿಗೆ ಎಂದುಬಿಟ್ಟರು. ಶೆಡ್ಡಿಗೆ ಹೋದವರು ಕಣ್ಣು ಉರಿಸಿಕೊಂಡು ವಾಪಸು ಬರುತ್ತಾರೆಯೇ ಹೊರತು ಬೇರೆ ಲಾಭ ಇಲ್ಲ. ಅದಕ್ಕಿಂತ ಉರಿಯುವ ಸಂಗತಿಯೆಂದರೆ, ಗೇಟಣ್ಣನ ಮನೆಯಲ್ಲೇ ಅವನ ಹೆಂಡತಿಯ ತಮ್ಮ ಇದ್ದ. ಹೈಸ್ಕೂಲು ಪಾಸು, ಕೆಲಸ ಇಲ್ಲ. ಭಾವ ಸ್ನಾನಕ್ಕೆ ಹೋದಾಗ ಭಾವನ ಖಾಕಿ ಅಂಗಿ ಹಾಕಿಕೊಂಡು ಕನ್ನಡಿಯ ಮುಂದೆ ನಿಂತು ನೋಡಿಕೊಳ್ಳುತ್ತಿದ್ದ. ತೋಳು ಸ್ವಲ್ಪ ಉದ್ದ, ಹಿಡಿಸಿದರೆ ಸರಿಹೋಗುತ್ತದೆ ಎಂದು ಅಕ್ಕನ ಹತ್ತಿರ ಹೇಳಿಯೂ ಇದ್ದ.

ಹಾಗಾದರೆ ಗೇಟಣ್ಣ ರಾಜಾರೋಷವಾಗಿ ಕ್ಲಾಸಿಗೆ ಸೇರಬಹುದಿತ್ತಲ್ಲ ಎಂದು ನೀವು ಕೇಳಬಹುದು. ಸೇರಬಹುದಿತ್ತು. ಆದರೆ ಮದುವೆಯ ಮಾತುಕತೆಯಲ್ಲಿ ಹುಡುಗ ಎಲ್ಲಿಯವರೆಗೆ ಓದಿದ್ದಾನೆ ಎಂದು ಹೆಣ್ಣಿನ ಕಡೆಯವರು ಕೇಳಿದ್ದಾಗ, ಇವನು ಬಾಯಿ ತಪ್ಪಿ ಹೈಸ್ಕೂಲು ಪಾಸು ಎಂದಿದ್ದ. ಬಾಯಿ ತಪ್ಪಿದ್ದು ಒಂದೇ ಸಲ. ಸಂಸಾರ ಮಾತ್ರ ಅಂದಿನಿಂದ ಅದರ ಮೇಲೆಯೇ ನಡೆದಿತ್ತು. ಈಗ ಹೆಂಡತಿಯ ಹತ್ತಿರ ಹೋಗಿ ಹೈಸ್ಕೂಲು ಓದಲು ಹೊರಟೆ ಎನ್ನುವುದು ಹೇಗೆ? ಕಾರ್ಖಾನೆಯಲ್ಲಿ ಸಂಜೆ ಸ್ಪೆಷಲ್ ಡ್ಯೂಟಿ ಹಾಕಿದ್ದಾರೆ ಎಂದು ಹೇಳಿ, ಖಾಕಿ ಬಿಚ್ಚದೆ ನೇರವಾಗಿ ಕ್ಲಾಸಿಗೆ ಬಂದ.

ಎಲ್ಲ ಗೊಂದಲ ಆ ಖಾಕಿಯಿಂದಲೇ.

ಮೊದಲ ದಿನ ಗೇಟಣ್ಣ ಎಲ್ಲರಿಗಿಂತ ಮುಂಚೆ ಬಂದು ಬೀಗ ಹಾಕಿದ ಬಾಗಿಲ ಮುಂದೆ ನೆಟ್ಟಗೆ ನಿಂತಿದ್ದನಂತೆ. ನಮ್ಮ ಮೇಷ್ಟ್ರು ಚಾಕ್‌ಪೀಸ್ ಡಬ್ಬ, ಡಸ್ಟರು, ನಕ್ಷೆಗಳ ಸುರುಳಿ ಎಲ್ಲ ತಬ್ಬಿಕೊಂಡು ಬೆವರುತ್ತ ಬಂದರು. ಬಾಗಿಲಲ್ಲಿ ಖಾಕಿ ಕಂಡಿತು. ಅವರ ಮುಖ ಅರಳಿತು. ವಾಚ್‌ಮನ್ನನ್ನು ಕೊಡಿ ಎಂದು ಅವರು ಇಲಾಖೆಗೆ ಬರೆದು ಸುಮಾರು ಕಾಲವಾಗಿತ್ತು.

"ಅಬ್ಬ, ಕಳಿಸಿದ್ರಲ್ಲ. ತಗೊಳ್ಳಿ ವಾಚ್‌ಮನ್ನರೇ, ಇನ್ಮೇಲೆ ಬೀಗ, ಬಾಗಿಲು ಎಲ್ಲಾ ನಿಮ್ಮದು," ಎಂದು ಕೀಲಿಕೈ ಕೊಟ್ಟರು.

ಯಾರಾದರೂ ಕೀಲಿಕೈ ಚಾಚಿದರೆ ತೆಗೆದುಕೊಂಡು ಸೆಲ್ಯೂಟ್ ಹೊಡೆಯುವುದು ಬಿಟ್ಟರೆ ಬೇರೆ ಏನು ಮಾಡಬೇಕೆಂದು ಗೇಟಣ್ಣನಿಗೆ ಗೊತ್ತಿರಲಿಲ್ಲ. ತೆಗೆದುಕೊಂಡ. ಹೊಡೆದ.

ಅವನಿಗೆ ಅನುಮಾನ ಬರಲಿಲ್ಲವೇ ಎಂದರೆ, ಬರುವ ದಾರಿಯೇ ಇರಲಿಲ್ಲ. ಮೇಷ್ಟ್ರು ಒಳಗೆ ಹೋಗಿ ಟೈಲರಮ್ಮನಿಗೆ ಬೋರ್ಡು ಒರೆಸುವ ಕೆಲಸ ಕೊಟ್ಟರು, ನನಗೆ ನೀರಿನ ಹೂಜಿ ತುಂಬಿಸುವುದು, ಡ್ರೈವರಿಗೆ ಬೆಂಚು ಸಾಲು ಮಾಡುವುದು. ಎಲ್ಲ ವಿದ್ಯಾರ್ಥಿಗಳಿಗೂ ಒಂದೊಂದು ಕೆಲಸ, ನನಗೆ ಬಾಗಿಲು ಎಂದುಕೊಂಡ ಗೇಟಣ್ಣ. ಮೇಷ್ಟ್ರಿಗೆ ಹೆಸರು ನೆನಪಿಡುವ ಅಭ್ಯಾಸವಿಲ್ಲ, ಎಲ್ಲರನ್ನೂ ಕಸುಬಿನಿಂದಲೇ ಕರೆಯುವರು: ಟೈಲರಮ್ಮಾ, ಡ್ರೈವರೇ, ನನ್ನನ್ನು ಆಸ್ಪತ್ರೆಯಮ್ಮಾ. ಹಾಗಿರುವಾಗ ತನ್ನನ್ನು ವಾಚ್‌ಮನ್ನರೇ ಎಂದರೆ ಅದರಲ್ಲಿ ತಪ್ಪೇನು? ಹೆಸರಿನ ಪಟ್ಟಿ ನೋಡಿದ್ದರೆ ತಿಳಿಯುತ್ತಿತ್ತು. ಆದರೆ ನಾವು ಹೆಸರು ಬರೆಸಿದ್ದು ಬೇರೆಲ್ಲೋ ಇದ್ದ ದೊಡ್ಡ ಕಚೇರಿಯಲ್ಲಿ. ಅಲ್ಲಿಂದ ಮೆಷಿನ್ನು ಮೊದಲು ಬಂತು, ಪಟ್ಟಿ ಬರುತ್ತದೆ ಎಂಬ ಮಾತು ಬಂತು, ಪಟ್ಟಿ ಬರಲಿಲ್ಲ.

ಬಾಗಿಲ ಕೆಲಸ ಗೇಟಣ್ಣನಿಗೆ ಒಂದು ರೀತಿಯಲ್ಲಿ ಅನುಕೂಲವೇ ಆಯಿತು. ಬೀದಿಯಲ್ಲಿ ಪರಿಚಯದವರು ಯಾರಾದರೂ ಹೋದರೆ, ಖಾಕಿ ಹಾಕಿ ಬಾಗಿಲಲ್ಲಿ ನಿಂತವನು ಡ್ಯೂಟಿಯಲ್ಲಿದ್ದಾನೆ ಎಂದುಕೊಳ್ಳುತ್ತಾರೆ. ಮಂಡಿಯೂ ಉಳಿಯಿತು, ಮಾನವೂ ಉಳಿಯಿತು.

ನಾವೂ ಅವನನ್ನು ವಾಚ್‌ಮನ್ ಎಂದೇ ತಿಳಿದಿದ್ದೆವು. ಒಳ್ಳೆಯ ವಾಚ್‌ಮನ್. ಬಟ್ಟೆ ಒಗೆದು ಒಗೆದು ನನ್ನ ಬೆರಳಿನ ಗೆರೆಗಳು ಸವೆದುಹೋಗಿವೆ, ಮೆಷಿನ್ನು ನನ್ನನ್ನು ಮನುಷ್ಯಳೆಂದೇ ಒಪ್ಪುತ್ತಿರಲಿಲ್ಲ. ಅವನು ತನ್ನ ಕರ್ಚೀಫಿನಿಂದ ನನ್ನ ಹೆಬ್ಬೆಟ್ಟು ಒರೆಸಿ, "ಒಂದ್ಸಲ ಉಸಿರು ಬಿಡಿ ಅಮ್ಮಾ ಅದರ ಮೇಲೆ, ಈಗ ಒತ್ತಿ," ಎನ್ನುತ್ತಿದ್ದ. ಮೆಷಿನ್ನು ಟಿಣ್ ಎನ್ನುತ್ತಿತ್ತು. ಎಲ್ಲರದ್ದೂ ಆದ ಮೇಲೆ ತನ್ನದನ್ನೂ ಒತ್ತಿ, ಹೊಸಿಲ ಹೊರಗೆ ಸ್ಟೂಲಿನ ಪಕ್ಕ ನಿಂತುಬಿಡುತ್ತಿದ್ದ. ಅದನ್ನು ನಾನು ಎಷ್ಟೋ ಸಲ ನೋಡಿದ್ದೆ. ಮೆಷಿನ್ನು ಸರಿಯಾಗಿದೆಯೋ ಎಂದು ಪರೀಕ್ಷೆ ಮಾಡುತ್ತಿದ್ದಾನೆ ಎಂದುಕೊಂಡಿದ್ದೆ. ಕಿಟಕಿಯ ಕಟ್ಟೆಯ ಮೇಲೆ ಪುಸ್ತಕ ಇಟ್ಟುಕೊಂಡು ಏನೋ ಬರೆಯುತ್ತಿದ್ದ. ವಾಚ್‌ಮನ್ನುಗಳು ಬಂದವರು ಹೋದವರನ್ನು ಬರೆದುಕೊಳ್ಳುವುದು ಇದ್ದದ್ದೇ. ಒಂದು ದಿನ ನನ್ನ ಹತ್ತಿರ, "ಈ ಸಲ ಪಾಸಾಗ್ಲೇಬೇಕು ಅಮ್ಮಾ, ಇಲ್ದಿದ್ರೆ ಕಷ್ಟ," ಎಂದ. ನಮ್ಮ ಬಗ್ಗೆ ಎಷ್ಟು ಕಾಳಜಿ ಎಂದು ನನ್ನ ಕಣ್ಣು ತುಂಬಿಬಂದಿತ್ತು.

ಪಾಠದ ಮಧ್ಯೆ ಒಮ್ಮೊಮ್ಮೆ ಬಾಗಿಲಿನಿಂದ ಉತ್ತರ ಬರುತ್ತಿತ್ತು. ಮೇಷ್ಟ್ರು ನಮ್ಮ ಕಡೆ ತಿರುಗಿ, ಹೊರಗೆ ನಿಂತ ವಾಚ್‌ಮನ್ನಿಗೆ ಕೇಳಿಸಿದ್ದು ಒಳಗೆ ಕೂತ ನಿಮಗೆ ಕೇಳಿಸಲಿಲ್ಲವೇ ಎಂದು ಚುಚ್ಚುತ್ತಿದ್ದರು. ನಮಗೆ ಅವಮಾನವಾಗುತ್ತಿತ್ತು. ಗೇಟಣ್ಣ ಮಾತ್ರ, ತನ್ನನ್ನು ಕ್ಲಾಸಿಗೇ ಮೊದಲಿಗನೆಂದು ಹೊಗಳುತ್ತಿದ್ದಾರೆ ಎಂದುಕೊಂಡು ಮನೆಗೆ ಹೋಗಿ ಕಾರಣವಿಲ್ಲದೆ ನಗುತ್ತಿದ್ದನಂತೆ. ಅದನ್ನು ನೋಡಿ ಅವನ ಹೆಂಡತಿಗೆ ಮೊದಲ ಸಂಶಯ ಬಂದಿತ್ತು. ಮನೆಯ ಈ ಮಾತುಗಳನ್ನೆಲ್ಲ ಆಮೇಲೆ ಆಕೆಯೇ ನನಗೆ ಹೇಳಿದ್ದು.

ಹೀಗೆ ಎಲ್ಲರೂ ಸುಖವಾಗಿದ್ದಾಗ ಇಲಾಖೆಯ ಮೇಡಂ ತಪಾಸಣೆಗೆ ಬಂದರು.

ಮೇಡಂ ತೆಳ್ಳಗಿದ್ದರು. ಮಾತೂ ತೆಳ್ಳಗೆ. ಮೂಗಿನ ತುದಿಯ ಕನ್ನಡಕದ ಮೇಲಿಂದ ನಮ್ಮ ತಲೆಗಳನ್ನು ಬೆರಳು ಮಾಡಿ ಎಣಿಸಿದರು. ಹೊರಗೆ ಹೋಗಿ ಮೆಷಿನ್ನು ನೋಡಿದರು. ಮತ್ತೆ ಒಳಗೆ ಬಂದು ಎಣಿಸಿದರು. ಆಮೇಲೆ, ಹೆಬ್ಬೆಟ್ಟು ಒಂದು ಹೆಚ್ಚಿದೆ, ತಲೆ ಒಂದು ಕಡಿಮೆ ಇದೆ ಎಂದರು.

ಮೇಷ್ಟ್ರು ತಾವೂ ಎಣಿಸಿದರು. ತಮ್ಮ ತಲೆಯನ್ನು ಸೇರಿಸಿ ನೋಡಿದರು. ಅದು ನಡೆಯುವುದಿಲ್ಲ ಎಂದರು ಮೇಡಂ. ಮೆಷಿನ್ನು ಎಷ್ಟು ಹೆಬ್ಬೆಟ್ಟು ಎಂದು ಹೇಳುತ್ತದೆಯೇ ಹೊರತು ಯಾರದು ಎಂದು ಹೇಳುವುದಿಲ್ಲ, ಅದಕ್ಕೆ ಪಟ್ಟಿ ಬೇಕು, ಪಟ್ಟಿ ಬರುತ್ತಿದೆ. ಇನ್ನೊಂದು ಊರಿನ ಕೇಂದ್ರದಲ್ಲಿ ಹೀಗೆಯೇ ಹೆಬ್ಬೆಟ್ಟು ಹೆಚ್ಚು ತಲೆ ಕಡಿಮೆ ಆಗಿ, ವಿಚಾರಿಸಿದರೆ ಇಲ್ಲದ ವಿದ್ಯಾರ್ಥಿಗಳನ್ನು ಲೆಕ್ಕದಲ್ಲಿ ತೋರಿಸಿದ್ದರಂತೆ. ಆ ಕೇಂದ್ರಕ್ಕೆ ಬೀಗ ಬಿತ್ತು. ಓದುತ್ತಿದ್ದವರ ವರ್ಷ ಹಾಳಾಯಿತು. ಮುಂದಿನ ವಾರ ಮತ್ತೆ ಬರುತ್ತೇನೆ, ಹೆಚ್ಚಿನ ಹೆಬ್ಬೆಟ್ಟಿನ ಯಜಮಾನನನ್ನು ತೋರಿಸಿ, ಇಲ್ಲವಾದರೆ ಇಲ್ಲಿಗೂ ಬೀಗವೇ ಎಂದರು ಮೇಡಂ.

ಕ್ಲಾಸು ಮುಚ್ಚಿದರೆ ನನ್ನ ಗುಂಡಿ ಒತ್ತುವ ಕೆಲಸ ಹೋಯಿತು, ಡ್ರೈವರನ ಬಡ್ತಿ ಹೋಯಿತು. ಗೇಟಣ್ಣನಿಗಂತೂ ಕಣ್ಣ ಮುಂದೆ ಸೋಪು ಕುದಿಯುವ ಹಂಡೆಗಳು, ಅದರ ಆಚೆಗೆ ತನ್ನ ಅಂಗಿ ಹಾಕಿಕೊಂಡ ಬಾಮೈದ.

ಹೊರಡುವಾಗ ಮೇಡಂ ಬಾಗಿಲಲ್ಲಿ ನಿಂತರು. ಯಾರೋ ಒಬ್ಬರು ಹೆಬ್ಬೆಟ್ಟು ಒತ್ತಿ ಒಳಗೆ ಕೂರದೆ ಹೊರಗೇ ಉಳಿಯುತ್ತಿದ್ದಾರೆ, ಬಾಗಿಲಲ್ಲಿ ಇರುವವರು ನೀವು, ನಿಮಗೆ ಕಾಣಲಿಲ್ಲವೇ ಎಂದು ಗೇಟಣ್ಣನನ್ನೇ ಕೇಳಿದರು.

"ನನ್ನ ಕಣ್ಣು ತಪ್ಪಿಸಿ ಇಲ್ಲಿ ನೊಣಾನೂ ಹೊರಗೆ ಉಳಿದಿಲ್ಲ ಮೇಡಂ," ಎಂದ ಗೇಟಣ್ಣ. "ಆದ್ರೂ ನೀವು ಹೇಳಿದ್ರಲ್ಲ, ಹಿಡೀತೀನಿ. ಅವನು ಎಂಥವನೇ ಆಗಿರ್ಲಿ, ಹಿಡೀತೀನಿ."

ಹೇಳಿದ ಮಾತಿಗೆ ತಪ್ಪುವವನಲ್ಲ. ಮರುದಿನದಿಂದಲೇ ಹುಡುಕಾಟ ಶುರುವಾಯಿತು.

ಮೊದಲು ಡ್ರೈವರನ ಮೇಲೆ ಕಣ್ಣು ಬಿತ್ತು. ಅವನು ಪಾಠದ ನಡುವೆ ಫೋನು ಬಂತೆಂದು ಹೊರಗೆ ಹೋಗುವವನು. ಗೇಟಣ್ಣ ಅವನ ಹಿಂದೆಯೇ ಹೋಗಿ, ಅವನು ಮಾತಾಡಿ ಮುಗಿಸುವ ತನಕ ಪಕ್ಕದಲ್ಲೇ ನಿಂತು, ಕರೆದುಕೊಂಡು ಬಂದು ಕೂರಿಸಿದ. ಡ್ರೈವರ್ ತನ್ನ ಹೆಂಡತಿಯ ಜೊತೆ ಜಗಳವನ್ನೂ ನೆಮ್ಮದಿಯಿಂದ ಆಡಲಾಗದೆ ಫೋನು ತರುವುದನ್ನೇ ಬಿಟ್ಟ. ಆಮೇಲೆ ನನ್ನ ಸರದಿ. ನೀರಿನ ಹೂಜಿ ಹಿಡಿದು ನಲ್ಲಿಯ ಹತ್ತಿರ ಹೋದರೆ, ಎಷ್ಟು ಹೊತ್ತಿಗೆ ಬರ್ತೀರಿ ಅಮ್ಮಾ ಎಂದು ಕೇಳಿ ಬರೆದುಕೊಂಡ. ಟೈಲರಮ್ಮನ ಮೇಲೆ ಬಲವಾದ ಗುಮಾನಿ ಇತ್ತು. ಆಕೆ ದಿನವೂ ತಡವಾಗಿ, ಪಾಠ ಅರ್ಧವಾದ ಮೇಲೆ ಬರುವವಳು. ಆದರೆ ಬಂದವಳು ಕೂರುತ್ತಿದ್ದಳು. ಕೂರುವವರು ಯಾರೂ ಕಳ್ಳರಲ್ಲ. ನಮ್ಮಲ್ಲಿ ಎಲ್ಲರೂ ಕೂರುತ್ತಿದ್ದೆವು.

ಆಗ ಅವನಿಗೆ ಉಪಾಯ ಹೊಳೆಯಿತು. ಕಾರ್ಖಾನೆಯ ಗೇಟಿನಲ್ಲಿ ಮುದ್ರೆ ಒತ್ತಲು ಇಟ್ಟಿದ್ದ ನೀಲಿ ಶಾಯಿಯ ಪ್ಯಾಡು ತಂದ. ಮೆಷಿನ್ನು ಟಿಣ್ ಎಂದ ಕೂಡಲೇ ಪ್ರತಿಯೊಬ್ಬರೂ ಅದೇ ಹೆಬ್ಬೆಟ್ಟನ್ನು ಪ್ಯಾಡಿಗೆ ಅದ್ದಬೇಕು. ಆಮೇಲೆ ನೀಲಿ ಹೆಬ್ಬೆಟ್ಟಿದ್ದೂ ಬೆಂಚಿನ ಮೇಲೆ ಇಲ್ಲದವನು ಯಾರೋ ಅವನೇ ಕಳ್ಳ. ಮೇಷ್ಟ್ರಿಗೆ ಈ ಉಪಾಯ ಎಷ್ಟು ಹಿಡಿಸಿತೆಂದರೆ, ತರ್ಕಶಾಸ್ತ್ರ ಅಂದರೆ ಇದು ಎಂದು ನಮಗೆ ಅದನ್ನೇ ಒಂದು ಪಾಠ ಮಾಡಿದರು.

ನಾವೆಲ್ಲ ಅದ್ದಿದೆವು. ಕೊನೆಗೆ ಗೇಟಣ್ಣನೂ ಅದ್ದಿದ. ಮೇಷ್ಟ್ರು ಬೆಂಚಿನ ಸಾಲಿನಲ್ಲಿ ಓಡಾಡಿ ಒಬ್ಬೊಬ್ಬರ ಹೆಬ್ಬೆಟ್ಟನ್ನೂ ನೋಡಿದರು. ಎಲ್ಲ ನೀಲಿ. ಮೆಷಿನ್ನಿನಲ್ಲಿ ಒಂದು ಹೆಚ್ಚು.

"ವಾಚ್‌ಮನ್ನರೇ, ಅವನು ಹೊರಗೇ ಇದ್ದಾನೆ," ಎಂದು ಮೇಷ್ಟ್ರು ಮೆಲ್ಲಗೆ ಹೇಳಿದರು.

"ನೀಲಿ ಹೆಬ್ಬೆಟ್ಟು ಇಟ್ಕೊಂಡು ಎಲ್ಲಿಗೆ ಹೋಗ್ತಾನೆ ಸಾರ್," ಎಂದು ಗೇಟಣ್ಣ, ನೀಲಿ ಹೆಬ್ಬೆಟ್ಟನ್ನು ಎತ್ತಿ ಮೇಷ್ಟ್ರಿಗೆ ಧೈರ್ಯ ಹೇಳಿ, ಬೀದಿಗೆ ಇಳಿದ.

ಕಟ್ಟಡವನ್ನು ಒಂದು ಸುತ್ತು ಹಾಕಿದ. ಪಕ್ಕದ ಅಂಗಡಿಯವನ ಕೈ ನೋಡಿದ, ಬಸ್ಸಿಗೆ ಕಾದಿದ್ದವರ ಕೈ ನೋಡಿದ. ಹಸ್ತ ನೋಡಿ ಭವಿಷ್ಯ ಹೇಳುವವನು ಬಂದಿದ್ದಾನೆ ಎಂದುಕೊಂಡು ಕೆಲವರು ತಾವಾಗಿಯೇ ಕೈ ಚಾಚಿದರಂತೆ. ಮೂಲೆಯಲ್ಲಿ ಒಬ್ಬ ಪೇಂಟರ್ ಅಂಗಡಿಯ ಷಟರಿಗೆ ಬಣ್ಣ ಹೊಡೆಯುತ್ತಿದ್ದ. ಬಣ್ಣ ನೀಲಿ. ಗೇಟಣ್ಣ ಹೋಗಿ ಅವನ ರಟ್ಟೆ ಹಿಡಿದು ಎಳೆದುಕೊಂಡು ಬಂದು ಕ್ಲಾಸಿನ ಮುಂದೆ ನಿಲ್ಲಿಸಿದ.

"ಹೆಬ್ಬೆಟ್ಟು ತೋರಿಸಪ್ಪ," ಎಂದರು ಮೇಷ್ಟ್ರು.

ಪೇಂಟರ್ ಎರಡೂ ಕೈ ಚಾಚಿದ. "ಹೆಬ್ಬೆಟ್ಟು ಯಾಕೆ ಸಾರ್, ಮೊಣಕೈ ತನಕ ನೀಲೀನೇ. ಇದಕ್ಕೂ ಕೇಸಿದ್ಯಾ?"

ಮೇಷ್ಟ್ರು ಸಿಕ್ಕಿದ್ದೇ ಅವಕಾಶ ಎಂಬಂತೆ, ಬೆಂಚಿನಲ್ಲಿ ಒಂದಿಷ್ಟು ಕೂರುತ್ತೀಯಾ ಎಂದು ಅವನನ್ನು ಕೇಳಿದರು. ನಾನು ಡಿಗ್ರಿ ಮಾಡಿದ್ದೀನಿ ಸಾರ್ ಎಂದು ಅವನು ಷಟರಿನ ಕಡೆಗೆ ಹೊರಟುಹೋದ.

ಗೇಟಣ್ಣ ಆ ದಿನ ಮನೆಗೆ ಹೋದಾಗ ಕಳ್ಳ ಸಿಕ್ಕಿರಲಿಲ್ಲ, ಶಾಯಿಯೂ ಹೋಗಿರಲಿಲ್ಲ. ಸೋಪಿನ ಕಾರ್ಖಾನೆಯಲ್ಲಿ ಕೆಲಸ ಮಾಡುವವನ ಮನೆಯಲ್ಲಿ ಸೋಪಿಗೆ ಬರವಿಲ್ಲ. ಅದೆಲ್ಲ ತಿಕ್ಕಿದ ಮೇಲೂ ಹೆಬ್ಬೆಟ್ಟು ನೀಲಿಯಾಗಿಯೇ ಇತ್ತು. ಊಟಕ್ಕೆ ಕೂತಾಗ ಹೆಂಡತಿ ಅದನ್ನು ನೋಡಿದಳು.

"ಏನ್ರೀ ಇದು? ಎಲ್ಲಿ ಹೆಬ್ಬೆಟ್ಟು ಒತ್ತಿ ಬಂದ್ರಿ?"

ಡ್ಯೂಟಿ ವಿಷಯ, ನಿನಗೆ ತಿಳಿಯುವುದಿಲ್ಲ ಎಂದ ಗೇಟಣ್ಣ. ಆಗ ಬಾಮೈದ ತನ್ನ ವಿದ್ಯೆಯನ್ನು ಹೊರಗೆ ತೆಗೆದ. ಸಹಿ ಬಾರದವರು ಎಲ್ಲದಕ್ಕೂ ಹೆಬ್ಬೆಟ್ಟು ಒತ್ತುತ್ತಾರೆ, ಅದು ಸರಿ. ಆದರೆ ಹೈಸ್ಕೂಲು ಪಾಸಾದವರು ಹೆಬ್ಬೆಟ್ಟು ಒತ್ತುವುದು ಒಂದೇ ಕಡೆ, ಮನೆ ಮಾರಿ ರಿಜಿಸ್ಟರ್ ಮಾಡಿಸುವಾಗ. ಭಾವ ಹೈಸ್ಕೂಲು ಪಾಸಾದವರು, ಅಂದಮೇಲೆ ಮನೆ ಹೋಯಿತು, ಎಂದು ಅಕ್ಕನಿಗೆ ಬಿಡಿಸಿ ಹೇಳಿದ. ಊಟವಾದ ಮೇಲೆ ಆಕೆ ಗೋಡೆಗಳನ್ನೆಲ್ಲ ಮುಟ್ಟಿ ಮುಟ್ಟಿ ನೋಡಿದಳಂತೆ.

ಮರುದಿನವೂ ನೀಲಿ. ಅದರ ಮರುದಿನ ಇನ್ನೂ ಗಾಢ ನೀಲಿ. ಇದ್ದದ್ದು ಒಂದೇ ಮನೆ. ಒಂದು ಮನೆಯನ್ನು ದಿನಕ್ಕೊಬ್ಬರಿಗೆ ಹೇಗೆ ಮಾರುತ್ತಾರೆ ಎಂದು ಆಕೆ ತಮ್ಮನನ್ನು ಕೇಳಿದಳು. ಪಾಲು ಪಾಲಾಗಿ ಮಾರುತ್ತಿರಬೇಕು, ಅಡಿಗೆಮನೆ ಈಗಾಗಲೇ ಹೋಗಿರಬಹುದು ಎಂದ ತಮ್ಮ.

ಮೇಡಂ ಹೇಳಿದ ದಿನ ಬಂತು. ಅಂದು ನಾವೆಲ್ಲ ಬೇಗ ಬಂದು ಕೂತಿದ್ದೆವು, ಟೈಲರಮ್ಮ ಒಬ್ಬಳನ್ನು ಬಿಟ್ಟು. ಮೇಡಂ ತಲೆ ಎಣಿಸಿದರು. ಟೈಲರಮ್ಮ ಓಡಿ ಬಂದಳು, ಮತ್ತೆ ಮೊದಲಿನಿಂದ ಎಣಿಸಿದರು. ಹೊರಗೆ ಹೋಗಿ ಮೆಷಿನ್ನು ನೋಡಿ ಬಂದು, ಮೇಜಿನ ಮೇಲೆ ತಮ್ಮ ಚೀಲದಿಂದ ಒಂದು ಹೊಸ ಬೀಗ ತೆಗೆದಿಟ್ಟರು. ಮೇಷ್ಟ್ರ ಮುಖ ಅವರ ಚಾಕ್‌ಪೀಸಿನ ಬಣ್ಣಕ್ಕೆ ತಿರುಗಿತು. ಇನ್ನೊಂದು ವಾರ ಕೊಡಿ, ನಮ್ಮ ವಾಚ್‌ಮನ್ ಊರೆಲ್ಲ ಹುಡುಕುತ್ತಿದ್ದಾರೆ ಎಂದು ಬೇಡಿಕೊಂಡರು.

ಅದೇ ಹೊತ್ತಿಗೆ ಬಾಗಿಲಲ್ಲಿ ಗಲಾಟೆ ಕೇಳಿತು. ಗಂಡನ ಜಾಡು ಹಿಡಿದು ಬಂದಿದ್ದ ಹೆಂಡತಿಯನ್ನು ಗೇಟಣ್ಣ ತಡೆದು ನಿಲ್ಲಿಸಿದ್ದ. ಆಕೆಯ ಹಿಂದೆ ತಮ್ಮ.

"ಹೆಬ್ಬೆಟ್ಟು ಒತ್ತದೆ ಒಳಗೆ ಬಿಡಲ್ಲ," ಎಂದ ಗೇಟಣ್ಣ. ಕಾರ್ಖಾನೆಯ ಗೇಟಿನಲ್ಲಿ ಅವನು ಮ್ಯಾನೇಜರನ್ನೇ ತಡೆದವನು.

"ಇಲ್ಲೇನಾ ನೀವು ದಿನಾ ಒತ್ತೋದು?" ಎಂದು ಆಕೆ ಗಂಡನ ಕೈ ಹಿಡಿದು, ಅವನನ್ನೂ ಎಳೆದುಕೊಂಡು ಒಳಗೇ ಬಂದಳು. ನೇರವಾಗಿ ಮೇಡಂ ಮುಂದೆ ನಿಂತು, ಗಂಡನ ಹೆಬ್ಬೆಟ್ಟನ್ನು ಅವರ ಕನ್ನಡಕಕ್ಕೆ ತಾಗುವ ಹಾಗೆ ಎತ್ತಿ ಹಿಡಿದಳು. "ನೋಡಿ ತಾಯಿ. ದಿನಾ ಹೀಗೆ ಬರ್ತಾರೆ. ಏನಕ್ಕೆ ಒತ್ತಿಸ್ಕೊಂಡ್ರಿ ಹೇಳಿ. ನಮ್ಮ ಮನೆ ವಾಪಸ್ ಕೊಡಿ."

ಮೇಡಂ ಮನೆಯ ವಿಷಯ ಕೇಳಿಸಿಕೊಂಡಂತೆ ಕಾಣಲಿಲ್ಲ. ಅವರು ಹೆಬ್ಬೆಟ್ಟನ್ನು ನೋಡಿದರು. ಆಮೇಲೆ ನಮ್ಮ ಹೆಬ್ಬೆಟ್ಟುಗಳನ್ನು ನೋಡಿದರು. ಆಮೇಲೆ ಮೇಷ್ಟ್ರನ್ನು ನೋಡಿದರು.

"ವಾಚ್‌ಮನ್ನರೇ," ಎಂದರು ಮೇಷ್ಟ್ರು, "ನೀವ್ಯಾಕೆ ಒತ್ತಿದ್ರಿ?"

"ಒತ್ತದೆ ಕ್ಲಾಸಿಗೆ ಹೇಗೆ ಬರೋದು ಸಾರ್? ವಿದ್ಯಾರ್ಥಿ ಅಂದ್ಮೇಲೆ ಒತ್ತಬೇಕಲ್ವಾ?"

ನಮಗೆಲ್ಲ ತಿಳಿಯಿತು. ಮೇಷ್ಟ್ರು ಕುರ್ಚಿ ಹುಡುಕಿಕೊಂಡು ಕೂತರು. ಟೈಲರಮ್ಮ ಸೆರಗು ಬಾಯಿಗೆ ತುರುಕಿಕೊಂಡಳು. ತಿಳಿಯದೆ ಉಳಿದವನು ಗೇಟಣ್ಣ ಒಬ್ಬನೇ. ಅವನು ನಮ್ಮ ಮುಖಗಳನ್ನು ನೋಡಿದ, ಬೆಂಚುಗಳನ್ನು ನೋಡಿದ, ಹೊಸಿಲನ್ನು ನೋಡಿದ, ಹೊರಗೆ ಒಂಟಿಯಾಗಿ ನಿಂತಿದ್ದ ಸ್ಟೂಲನ್ನು ನೋಡಿದ. ಕೊನೆಗೆ ತನ್ನ ಹೆಬ್ಬೆಟ್ಟನ್ನು ನೋಡಿಕೊಂಡ. ನೋಡುತ್ತಾ ನೋಡುತ್ತಾ ಅವನ ಎಡಗೈ ಮೆಲ್ಲಗೆ ಬಂದು ಬಲಗೈಯ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಿತು.

"ಸಿಕ್ಕಿದ ಸಾರ್," ಎಂದ.

ನಗಬೇಕೆಂದು ಬಾಯಿ ತೆರೆದವರು ಅವನ ಹೆಂಡತಿಯ ಮುಖ ನೋಡಿ ಮುಚ್ಚಿಕೊಂಡೆವು.

"ವಿದ್ಯಾರ್ಥಿ ಅಂದ್ರೆ?" ಎಂದಳು ಆಕೆ. "ನೀವು ಹೈಸ್ಕೂಲು ಪಾಸು ಅಂದಿದ್ರಲ್ಲ ಮದುವೆಗೆ ಮುಂಚೆ?"

ಗೇಟಣ್ಣ ಕೈ ಬಿಡಲಿಲ್ಲ, ತಲೆ ಎತ್ತಲಿಲ್ಲ. ಪಾಸಾದ ಮೇಲೆ ಹೇಳೋಣ ಎಂದುಕೊಂಡಿದ್ದೆ ಎಂದ. ಈ ಮಾತಿನ ಅರ್ಥವನ್ನು ಬಿಡಿಸಲು ಬಾಮೈದ ಮುಂದೆ ಬಂದು, ಅಕ್ಕಾ ಇದು ಮೋಸ, ಇನ್ನು ಗೇಟಿನ ಕೆಲಸ ಇವರಿಗೆ ಎಲ್ಲಿಂದ ಉಳಿಯುತ್ತೆ, ನಾಳೆಯೇ ನಾನು ಹೋಗಿ ಮ್ಯಾನೇಜರನ್ನು ನೋಡುತ್ತೇನೆ ಎಂದು ಶುರು ಮಾಡಿದ.

"ನೀನು ಪಾಸಾಗಿ ಮನೇಲಿ ಮಲಗಿದೀಯ," ಎಂದಳು ಅಕ್ಕ, ತಿರುಗಿಯೂ ನೋಡದೆ. "ಇವರು ಪಾಸಾಗದೆ ನಿನಗೆ ಅನ್ನ ಹಾಕ್ತಿದಾರೆ. ಸ್ವಲ್ಪ ಸುಮ್ನಿರು." ಆಮೇಲೆ ಗಂಡನ ಕಡೆ, "ಮನೆ ಇದೆ ತಾನೆ?"

"ಇದೆ."

"ಅಡಿಗೆಮನೆ?"

ಅದೂ ಇದೆ ಎಂದು ಗೇಟಣ್ಣ ಏನೂ ಅರ್ಥವಾಗದೆ ಒಪ್ಪಿಕೊಂಡ. ಆಕೆ ಉಸಿರು ಬಿಟ್ಟಳು.

ಆದರೆ ಮೇಡಂ ಇನ್ನೂ ಬೀಗವನ್ನು ಚೀಲಕ್ಕೆ ಹಾಕಿರಲಿಲ್ಲ. ನಿಯಮದ ಪ್ರಕಾರ ವಿದ್ಯಾರ್ಥಿ ಕ್ಲಾಸಿನ ಒಳಗೆ ಇರಬೇಕು, ಇವರು ಇಷ್ಟು ತಿಂಗಳು ಹೊಸಿಲಿನಾಚೆ ಇದ್ದವರು, ಇವರನ್ನು ಪರೀಕ್ಷೆಗೆ ಕೂರಿಸಬಹುದೋ ಇಲ್ಲವೋ ನಾನು ಬರೆದು ಕಳಿಸಬೇಕು, ಪಾಠ ಕೇಳಿದ್ದಾರೆಂದು ನನಗೆ ಹೇಗೆ ತಿಳಿಯಬೇಕು ಎಂದರು. ತ್ರಿಕೋನದ ಮೂರು ಕೋನಗಳನ್ನು ಸೇರಿಸಿದರೆ ಎಷ್ಟು ಎಂದು ಕೇಳಿದರು.

"ನೂರ ಎಂಬತ್ತು ಮೇಡಂ," ಎಂದ ಗೇಟಣ್ಣ. "ಯಾಕೆ ಅಂತ ಕೇಳ್ಬೇಡಿ. ಅದನ್ನ ಹೇಳೋ ಹೊತ್ತಿಗೆ ಟೈಲರಮ್ಮ ಬಂದ್ರು, ಅವರ ಹೆಬ್ಬೆಟ್ಟು ಒರೆಸ್ಬೇಕಾಯ್ತು."

ಇತಿಹಾಸ ಕೇಳಿದರು. ಇಬ್ಬರು ಅಣ್ಣತಮ್ಮಂದಿರು ಸಿಂಹಾಸನಕ್ಕಾಗಿ ಯುದ್ಧಕ್ಕೆ ಹೊರಟ ಪಾಠವನ್ನು ಗೇಟಣ್ಣ ಆನೆ ಕುದುರೆ ಸಮೇತ ಹೇಳಿದ. ಯಾರು ಗೆದ್ದರು ಎಂದು ಮೇಡಂ ಕೇಳಿದರೆ, ಅವನು ಟೈಲರಮ್ಮನನ್ನೇ ನೋಡಿದ.

"ಅವತ್ತೂ ನಾನೇ," ಎಂದಳು ಟೈಲರಮ್ಮ ಸಣ್ಣ ದನಿಯಲ್ಲಿ.

ವಿಜ್ಞಾನದಲ್ಲಿ ರಕ್ತ ಹೃದಯದಿಂದ ಹೊರಟಿತ್ತು, ವಾಪಸು ಬಂದಿರಲಿಲ್ಲ. ಅಂದು ಮಾತ್ರ ಅಡ್ಡ ಬಂದವಳು ನಾನು, ನೀರಿನ ಹೂಜಿ ಹಿಡಿದು. ಎಲ್ಲ ಪಾಠವೂ ಅವನಿಗೆ ಗೊತ್ತಿತ್ತು, ಬಾಗಿಲಿಗೆ ಯಾರಾದರೂ ಬರುವ ತನಕ. ನಾವು ಬೆಂಚಿನಲ್ಲಿ ಕೂತು ನೆಮ್ಮದಿಯಿಂದ ಮರೆತದ್ದನ್ನು ಅವನು ನಮಗೆ ಬಾಗಿಲು ತೆಗೆಯುತ್ತ ಕಳೆದುಕೊಂಡಿದ್ದ.

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ನಕ್ಕರೋ ಇಲ್ಲವೋ ಹೇಳಲಾರೆ. ಇಲಾಖೆಯವರ ನಗು ಹೊರಗೆ ಕಾಣುವಂಥದ್ದಲ್ಲ. ಬೀಗ ಚೀಲಕ್ಕೆ ಹೋಯಿತು. ನನ್ನ ಪಕ್ಕದ ಖಾಲಿ ಜಾಗವನ್ನು ತೋರಿಸಿ, ಮೊದಲು ಅಲ್ಲಿ ಕೂರಿ, ಎಣಿಸಬೇಕು ಎಂದರು. ಗೇಟಣ್ಣ ಬಂದು ಕೂತ. ಬೆಂಚಿಗೂ ಮೇಜಿಗೂ ನಡುವೆ ಅವನ ಮಂಡಿಗಳು ಹಿಡಿಸಲಿಲ್ಲ, ಒಂದನ್ನು ಹೊರಗೆ ಬಿಟ್ಟ. ಮೇಡಂ ಮತ್ತೆ ಬೆರಳು ಎತ್ತಿ ಎಣಿಸಿದರು. ತಲೆ ಸರಿ, ಹೆಬ್ಬೆಟ್ಟು ಸರಿ.

"ಬಾಗಿಲು?" ಎಂದ ಗೇಟಣ್ಣ, ಎದ್ದು ನಿಂತು.

"ಕೂತ್ಕೊಳ್ರೀ," ಎಂದಳು ಹೆಂಡತಿ. ಮೇಷ್ಟ್ರ ಕಡೆಗೊಮ್ಮೆ ನೋಡಿ, ಗಂಡನ ಸೊಂಟದಿಂದ ಕೀಲಿಕೈ ಬಿಚ್ಚಿಕೊಂಡು, ಹೊರಗೆ ಹೋಗಿ ಸ್ಟೂಲಿನ ಮೇಲೆ ಕೂತಳು. ಇನ್ನೊಂದು ಸಲ ಇವರು ನನಗೆ ಸುಳ್ಳು ಹೇಳಿ ಎಲ್ಲಿಗೂ ಹೋಗಬಾರದು, ಕಣ್ಣ ಮುಂದೆಯೇ ಇರಲಿ ಎಂದು ಆಮೇಲೆ ನನಗೆ ಕಾರಣ ಹೇಳಿದಳು. ಅಂದಿನಿಂದ ಟೈಲರಮ್ಮ ಒಂದು ದಿನವೂ ತಡವಾಗಿ ಬರಲಿಲ್ಲ. ತಡವಾಗಿ ಬಂದು ನೋಡಲಿ ಎನ್ನುವಂತಿತ್ತು ಸ್ಟೂಲಿನ ಮೇಲಿನ ಮುಖ.

ಗೇಟಣ್ಣನಿಗೆ ಕೂತು ಓದುವುದು ಸುಲಭವಾಗಲಿಲ್ಲ. ಬಾಗಿಲಲ್ಲಿ ನೆರಳಾಡಿದರೆ ಎದ್ದು ನಿಲ್ಲುವನು, ನಾನು ಅಂಗಿ ಹಿಡಿದು ಕೂರಿಸುವೆನು. ಯುದ್ಧದಲ್ಲಿ ಗೆದ್ದವರು ಯಾರೆಂದು, ರಕ್ತ ಯಾವ ದಾರಿಯಲ್ಲಿ ವಾಪಸು ಬಂತೆಂದು ಟೈಲರಮ್ಮನೂ ನಾನೂ ಅವನಿಗೆ ಹೇಳಿಕೊಡಬೇಕಾಯಿತು; ಆ ಋಣ ನಮ್ಮದೇ ಆಗಿತ್ತು. ಪರೀಕ್ಷೆಯ ಹಾಲಿನಲ್ಲಿ ಮೇಲ್ವಿಚಾರಕರು ಬಂದಾಗಲೆಲ್ಲ ಎದ್ದು ಸೆಲ್ಯೂಟ್ ಹೊಡೆದು ಅರ್ಧ ಹೊತ್ತು ಕಳೆದ. ಗಣಿತದಲ್ಲಿ ಕೂದಲೆಳೆಯಲ್ಲಿ ಪಾರಾದ. ಆದರೆ ಪಾರಾದ. ಸೋಪಿನ ಕಾರ್ಖಾನೆಯ ಕಂಪ್ಯೂಟರಿನ ಮುಂದೆ ಈಗಲೂ ಅವನೇ ಇದ್ದಾನೆ. ಕಂಪ್ಯೂಟರು ಬಿಟ್ಟರೂ ಇವನು ಒಳಗೆ ಬಿಡುವುದಿಲ್ಲ ಎಂದು ಮ್ಯಾನೇಜರು ಹೇಳುತ್ತಾರಂತೆ. ನಾನೂ ನನ್ನ ಯಂತ್ರದ ಗುಂಡಿ ಒತ್ತುತ್ತಿದ್ದೇನೆ.

ಸರ್ಟಿಫಿಕೇಟು ಕೊಡುವ ದಿನ ಮೇಡಂ ಅದೇ ಕೋಣೆಗೆ ಬಂದರು. ಪಟ್ಟಿಯನ್ನೂ ತಂದಿದ್ದರು, ಅದು ಅಂದೇ ಬಂದಿತ್ತು. ಅಭ್ಯಾಸಬಲದಿಂದ ತಲೆ ಎಣಿಸಿದರು. ಎಣಿಸಿ ನಿಂತುಬಿಟ್ಟರು. ಈ ಸಲ ತಲೆ ಒಂದು ಹೆಚ್ಚಾಗಿತ್ತು. ಹೊಸಿಲಿನಾಚೆ ಇದ್ದ ಸ್ಟೂಲು ಯಾವಾಗ ಹೊಸಿಲಿನೀಚೆಗೆ ಬಂದಿತ್ತೋ ನಮ್ಮಲ್ಲಿ ಯಾರೂ ಗಮನಿಸಿರಲಿಲ್ಲ.

ಇವರು ಯಾರು ಎಂದು ಮೇಡಂ ಕೇಳಿದರು. ನಮ್ಮ ವಾಚ್‌ಮನ್ ಎಂದರು ಮೇಷ್ಟ್ರು.

"ಯುದ್ಧದಲ್ಲಿ ತಮ್ಮ ಗೆದ್ದ ಮೇಡಂ," ಎಂದಳು ಗೇಟಣ್ಣನ ಹೆಂಡತಿ, ಯಾರೂ ಕೇಳದಿದ್ದರೂ. "ಗೆಲ್ಲಬಾರದಾಗಿತ್ತು. ಇರ್ಲಿ, ಮುಂದಿನ ವರ್ಷದ್ದು ಯಾವತ್ತಿಂದ ಶುರು?"

ಇವತ್ತಿನಿಂದಲೇ ಎಂದರು ಮೇಡಂ. ಗೇಟಣ್ಣ ಎದ್ದು ಹೋಗಿ, ಕರ್ಚೀಫು ತೆಗೆದು, ಪಾತ್ರೆ ತಿಕ್ಕಿ ಸವೆದಿದ್ದ ಹೆಂಡತಿಯ ಹೆಬ್ಬೆಟ್ಟನ್ನು ಒರೆಸಿ, ಉಸಿರು ಬಿಡು ಎಂದ. ಆಕೆ ಬಿಟ್ಟಳು. ಮೆಷಿನ್ನು ಟಿಣ್ ಎಂದಿತು.

ಆಮೇಲೆ ಎಲ್ಲರಿಗೂ ಒಟ್ಟಿಗೆ ಬಾಗಿಲಿನ ನೆನಪಾಯಿತು. ಸ್ಟೂಲು ಖಾಲಿ. ಅಕ್ಕ ಮರೆತು ಬಂದ ಚೀಲವನ್ನು ಕೊಡಲು ಬಾಮೈದ ಹೊಸಿಲ ಹೊರಗೆ ನಿಂತಿದ್ದ. ಹೈಸ್ಕೂಲು ಪಾಸು, ಗೇಟಿಗೆ ಬೇಕಾದ ಅರ್ಹತೆ ಪೂರ್ತಿ ಇದೆ. ಮೈಮೇಲೆ ಭಾವನ ಹಳೆಯ ಖಾಕಿ ಅಂಗಿಯೂ ಇತ್ತು, ತೋಳು ಹಿಡಿಸಿಕೊಂಡಿದ್ದು.

ಮೇಷ್ಟ್ರು ಮುಖವರಳಿಸಿ ಕೀಲಿಕೈ ಚಾಚಿದರು.